ಉದ್ಯಮಬಾಗದಿಂದ ತಂದ ಆರು ಡಿಜಿಟಲ್ ವರ್ನಿಯರ್

ನಮ್ಮ ಫಿಸಿಕ್ಸ್ ಲ್ಯಾಬಿನ, ದವಡೆಯಲ್ಲಿ ವಸ್ತು ಹಿಡಿದು ಅಳೆಯುವ ಹಳೇ ವರ್ನಿಯರ್‌ಗಳ ಗೆರೆಗಳು ಸವೆದು ಕಾಣದಂತಾಗಿದ್ದವು. ಸೆಮಿಸ್ಟರ್ ಶುರುವಾಗುವ ಮುಂಚೆ ಬೆಳಗಾವಿಯ ಉದ್ಯಮಬಾಗದ ಒಂದು ಟೂಲ್ಸ್ ಅಂಗಡಿಗೆ ಹೋಗಿ ಆರು ಡಿಜಿಟಲ್ ವರ್ನಿಯರ್ ತಂದೆ. ಒಂದಕ್ಕೆ 640 ರೂಪಾಯಿ. 150 ಮಿ.ಮೀ. ತನಕ ಅಳೆಯುತ್ತವೆ, ಪರದೆಯಲ್ಲಿ 0.01 ಮಿ.ಮೀ. ತನಕ ಅಂಕಿ ಬರುತ್ತದೆ. ಡಬ್ಬಿಯೊಳಗಿನ ಚೀಟಿಯಲ್ಲಿ ‘±0.02’ ಅಂತ ಬರೆದಿದೆ, ಅಂದರೆ ಅಳತೆ ಅಷ್ಟು ಮಿ.ಮೀ. ಹೆಚ್ಚುಕಮ್ಮಿ ಆಗಬಹುದು.

ಅಂಗಡಿ ಮಾಲಕರು ಮೊದಲೇ ಹೇಳಿದ್ದರು: "ಸರ್, ಲೇಥ್ ಕೆಲಸಕ್ಕಾದ್ರ ಇದನ್ನ ತೊಗೋಬ್ಯಾಡ್ರಿ. ಹುಡುಗ್ರಿಗೆ ಕಲಸಾಕಂದ್ರ ನಡೀತೈತಿ." ಹೀಗೆ ಹೇಳಿ ಮಾರುವವರು ಅಪರೂಪ ಅಲ್ವಾ? ಅಲ್ಲೇ ಒಂದು ಹೊಸ 6202 ನಂಬರಿನ ಬೇರಿಂಗ್ ಕೂಡ ತೊಗೊಂಡೆ. ಇದರ ಹೊರಗಿನ ವ್ಯಾಸ 35 ಮಿ.ಮೀ. ಸಾಮಾನ್ಯ ದರ್ಜೆಯ ಬೇರಿಂಗ್ ಇದಕ್ಕಿಂತ 0.011 ಮಿ.ಮೀ. ಕಡಿಮೆ ಇರಬಹುದು, ಜಾಸ್ತಿ ಇರುವ ಹಾಗಿಲ್ಲ. ಗೇಜ್ ಬ್ಲಾಕ್ (ಉಪಕರಣ ಪರೀಕ್ಷಿಸುವ ನಿಖರ ಅಳತೆಯ ತುಂಡು) ಕೊಳ್ಳೋಕೆ ದುಡ್ಡಿಲ್ಲದ ಲ್ಯಾಬಿಗೆ ಇದಕ್ಕಿಂತ ಅಗ್ಗದ ಅಳತೆಗಲ್ಲು ಸಿಗೋದಿಲ್ಲ.

ವರ್ನಿಯರ್‌ಗಳ ಬೆನ್ನಿಗೆ ಪೇಂಟಿನಿಂದ 1ರಿಂದ 6 ನಂಬರ್ ಬರೆದು ಹುಡುಗರ ಕೈಗೆ ಕೊಟ್ಟೆ. ಹಳೇ ವರ್ನಿಯರ್ ಇದ್ದಾಗ ಯಾವ ಗೆರೆ ಕೂಡಿದೆ ಅಂತ ಜಗಳವಾದರೂ ಆಗುತ್ತಿತ್ತು. ಈಗ ಪರದೆ ನೋಡ್ತಾರೆ, ಬರ್ಕೊಳ್ತಾರೆ, ಮುಗೀತು. ಹಾಗಾಗಿ ಒಂದೇ ಬೇರಿಂಗನ್ನು ಹತ್ತು ಸಲ ಅಳೆಯಿರಿ ಅಂದೆ. 4ನೇ ನಂಬರ್ ಹಿಡಿದ ಹುಡುಗಿಗೆ 35.02ರಿಂದ 35.06ರ ತನಕ ಬಂತು. ಸರಾಸರಿ 35.035, ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಅಳತೆಗಳ ಚೆದುರಿಕೆ, 0.013. ಅದನ್ನು ಹತ್ತರ ವರ್ಗಮೂಲದಿಂದ ಭಾಗಿಸಿದರೆ ಸರಾಸರಿಯ ಅನಿಶ್ಚಿತತೆ 0.004. ನೋಡೋಕೆ ಬಹಳ ಚಂದದ ಉತ್ತರ. ಆದರೆ ಬೇರಿಂಗ್ 35ನ್ನು ದಾಟೋದೇ ಇಲ್ಲ!

"ನೂರು ಸಲ ಅಳದ್ರ ಸರಿ ಬರ್ತೈತೇನ್ರಿ ಸರ್?" ಅಂತ ಕೇಳಿದಳು. ಈ ಒಂದು ಪ್ರಶ್ನೆಗೇ 640 ರೂಪಾಯಿ ಕೊಡಬಹುದು. ನೂರು ಸಲ ಅಳೆದರೆ ಚೆದುರಿಕೆಯ ಪಾಲು ಕಮ್ಮಿಯಾಗುತ್ತದೆ ಅಷ್ಟೇ, ಉಪಕರಣದ ಓರೆ, ಅಂದರೆ ಪ್ರತಿ ಸಲವೂ ಒಂದೇ ಕಡೆ ವಾಲುವ ತಪ್ಪು, ಹಾಗೇ ಉಳಿಯುತ್ತದೆ. ಚೀಟಿಯ ±0.02 ನಂಬಿ, ಅದನ್ನು ಅನಿಶ್ಚಿತತೆಯಾಗಿಸಲು ಮೂರರ ವರ್ಗಮೂಲದಿಂದ ಭಾಗಿಸಿ, ಎರಡೂ ಅನಿಶ್ಚಿತತೆಗಳ ವರ್ಗ ಕೂಡಿಸಿ ಮೂಲ ತೆಗೆದರೂ 0.012 ಬಂತು. ತಪ್ಪು ಇರೋದು 0.035. ಅಂದರೆ ಚೀಟಿಯೇ ಸುಳ್ಳು. ಉಳಿದ ಐದು ಪರವಾಗಿಲ್ಲ, 2ನೇ ನಂಬರಂತೂ 35.00 ತೋರಿಸಿತು.

ಇನ್ನೊಂದು ಮಜಾ ಇದೆ. ಇದಕ್ಕೆ ಮೈಕ್ರೋಮೀಟರಿಗಿರುವಂಥ, ಒತ್ತಡ ಮಿತಿಮೀರದಂತೆ ತಡೆಯುವ ರ‍್ಯಾಚೆಟ್ ಇಲ್ಲ. ಗರಡಿಗೆ ಹೋಗೋ ಹುಡುಗನೊಬ್ಬ ಹೆಬ್ಬೆರಳಿನಿಂದ ಒತ್ತಿದರೆ ಅದೇ 2ನೇ ನಂಬರು 34.98ಕ್ಕೆ ಇಳಿಯುತ್ತಿತ್ತು. ಯಾರು ಅಳೆದರು ಅನ್ನೋದೂ ರೆಕಾರ್ಡ್ ಬುಕ್ಕಿನಲ್ಲಿ ಬರಬೇಕು ಅಂತ ಅವತ್ತಿನಿಂದ ನಿಯಮ ಮಾಡಿದ್ದೇನೆ.

ಕಿರಿಕಿರಿಯೂ ಇದೆ. ದವಡೆಯನ್ನು ಜೋರಾಗಿ ಎಳೆದರೆ ಎಣಿಕೆ ತಪ್ಪಿ ಝೀರೋ ಜಾರುತ್ತದೆ, ಪ್ರತಿ ಸಲ ಮುಚ್ಚಿ ನೋಡಲೇಬೇಕು. ಸ್ವಿಚ್ ಆಫ್ ಮಾಡಿದರೂ ಬ್ಯಾಟರಿ ತಿನ್ನುತ್ತಲೇ ಇರುತ್ತದೆ, ಯಾಕಂದ್ರೆ ಒಳಗಿನ ಸರ್ಕ್ಯೂಟ್ ಎಣಿಸುವುದನ್ನು ನಿಲ್ಲಿಸೋದಿಲ್ಲ. ದಸರೆ ರಜೆ ಮುಗಿಸಿ ಬಂದರೆ ಮೂರು ವರ್ನಿಯರ್‌ಗಳ ಪರದೆ ಮಿಣಮಿಣ ಅನ್ನುತ್ತಿತ್ತು. ಈಗ ಶನಿವಾರ ಎಲ್ಲ ಬಟನ್ ಸೆಲ್ ತೆಗೆದು ಡಬ್ಬಿಯಲ್ಲಿಡುತ್ತೇವೆ.

ವರ್ಕ್‌ಶಾಪಿನವರು ಕೊಳ್ಳಬೇಡಿ. ಲ್ಯಾಬಿಗೆ ಖಂಡಿತ ಕೊಳ್ಳಿ, ಜೊತೆಗೊಂದು ಹೊಸ ಬೇರಿಂಗ್ ಇರಲಿ. ಮೊನ್ನೆ ಸೆಲ್ ತರಲು ಹೋದಾಗ ಮಾಲಕರು 4ನೇ ನಂಬರನ್ನು ಬದಲಿಸಿ ಕೊಡ್ತೀನಿ ಅಂದರು. ನಾನೇ ಬೇಡ ಅಂದೆ.