“ಅಡ್ಡಿ ಇಲ್ಲ” ಅಂದದ್ದನ್ನೇ ಬರೆದುಕೊಂಡರು, ಮೊಣಕಾಲು ಅಳೆಯಲೇ ಇಲ್ಲ

ಮೊಣಕಾಲು ಬದಲಿ ಆಪರೇಷನ್ ಆಗಿ ಫಿಸಿಯೋಥೆರಪಿಗೆ ಓಡಾಡುತ್ತಿರುವವರು ನಿಮ್ಮ ಮನೆಯಲ್ಲಿದ್ದರೆ ಇದನ್ನು ಓದಿ. ಕಲಬುರಗಿಯಲ್ಲಿ ನಮ್ಮವ್ವನ ಮೂರು ತಿಂಗಳು ಹೀಗೇ ದಂಡವಾಯಿತು. ದುಡ್ಡಿನ ಮಾತು ಆಮೇಲಿನದು.

ದೀಪಾವಳಿ ಮುಗಿದು ಹತ್ತು ದಿನಕ್ಕೆ ಸೊಲ್ಲಾಪುರದಲ್ಲಿ ಅವ್ವನ ಬಲಗಾಲಿಗೆ ಆಪರೇಷನ್ ಆಯಿತು. ಅದು ಚೆನ್ನಾಗಿಯೇ ಆಗಿತ್ತು. ಐದನೇ ದಿನ ಮನೆಗೆ ಕಳಿಸಿದರು. ಡಿಸ್ಚಾರ್ಜ್ ಕಾರ್ಡಿನ ಮೂಲೆಯಲ್ಲಿ ಡಾಕ್ಟರು ಪೆನ್ನಿನಿಂದ ‘5–80’ ಅಂತ ಬರೆದಿದ್ದರು. ಅದೇನು ಅಂತ ನಾನು ಕೇಳಲಿಲ್ಲ. ಬಿಲ್ ನೋಡುವ ಗಡಿಬಿಡಿಯಲ್ಲಿದ್ದೆ.

ಫಿಸಿಯೋಗೆ ದಿನಾ ಸೊಲ್ಲಾಪುರಕ್ಕೆ ಹೋಗಲು ಆಗುತ್ತದೆಯೇ? ಮನೆಗೆ ಹತ್ತಿರ ಅಂತ ಇಲ್ಲೇ ಒಂದು ಸೆಂಟರ್ ಹಿಡಿದೆವು. 30 ಸಿಟ್ಟಿಂಗ್‌ಗೆ 9,000 ರೂಪಾಯಿ, ಮೊದಲೇ ಕಟ್ಟಬೇಕು. ಅದು ಮುಗಿದ ಮೇಲೆ ಇನ್ನೊಂದು ಪ್ಯಾಕೇಜ್. ಹೆಸರು ಹೇಳುವುದಿಲ್ಲ. ಇಂಥದ್ದು ಅದೊಂದೇ ಅಲ್ಲ ಅಂತ ಆಮೇಲೆ ನಾಲ್ಕು ಜನರ ಬಾಯಲ್ಲಿ ಕೇಳಿದೆ.

ಅಲ್ಲಿ ಆಗುತ್ತಿದ್ದದ್ದು ಇಷ್ಟು. ಹೋದ ಕೂಡಲೇ ಮಂಚದ ಮೇಲೆ ಮಲಗಿಸಿ ಮೊಣಕಾಲ ಕೆಳಗೆ ದಪ್ಪ ದಿಂಬು ಇಡುತ್ತಿದ್ದರು. ಮೇಲೆ ಬಿಸಿ ಪ್ಯಾಕ್. ಆಮೇಲೆ ನಾಲ್ಕು ಪ್ಯಾಡ್ ಅಂಟಿಸಿ ಹದಿನೈದು ನಿಮಿಷ ಕರೆಂಟ್. ಕೊನೆಗೆ ಐದು ನಿಮಿಷ ಕಾಲು ಮಡಚಿ ಬಿಡಿಸುವುದು. ಅವ್ವ ‘ಹಾ’ ಅಂದರೆ ಅಲ್ಲಿಗೇ ನಿಲ್ಲಿಸುವುದು. ಬೋರ್ಡಿನ ಮೇಲೆ ಹೆಸರಿದ್ದ ಫಿಸಿಯೋಥೆರಪಿಸ್ಟ್ ವಾರಕ್ಕೆರಡು ಸಲ ಬರುತ್ತಿದ್ದರು. ಉಳಿದ ದಿನ ಒಬ್ಬ ಹುಡುಗ. ಒಳ್ಳೆಯ ಹುಡುಗನೇ, ಅವ್ವನಿಗೆ ಅವನ ಮೇಲೆ ಪ್ರೀತಿ. ಎಲ್ಲ ಮುಗಿದ ಮೇಲೆ ಫೈಲು ತೆಗೆದು ಕೇಳುತ್ತಿದ್ದ:

“ಹ್ಯಾಂಗ ಅದ ಅವ್ವಾ ಇವತ್ತ?”

“ಅಡ್ಡಿ ಇಲ್ಲಪಾ.”

‘ನೋವು ಕಡಿಮೆ, ಸುಧಾರಣೆ ಇದೆ’ ಅಂತ ಬರೆಯುತ್ತಿದ್ದ. ಮುಗೀತು.

ನಮ್ಮ ಕಡೆಯ ‘ಅಡ್ಡಿ ಇಲ್ಲ’ ಎಂಥದ್ದು ಅಂತ ನಿಮಗೆ ಗೊತ್ತೇ ಇದೆ. ಬೀಗರ ಮನೆ ಸಾರು ಉಪ್ಪಾದರೂ ಅಡ್ಡಿ ಇಲ್ಲ. ನೆಟೆ ರೋಗಕ್ಕೆ ತೊಗರಿ ಅರ್ಧ ಒಣಗಿದ ವರ್ಷವೂ ಅಪ್ಪ ಕೇಳಿದವರಿಗೆಲ್ಲ ಅಡ್ಡಿ ಇಲ್ಲ ಅಂದಿದ್ದ. ಅದು ಮರ್ಯಾದೆಯ ಮಾತು. ಅದನ್ನೇ ದಿನಾ ಫೈಲಿಗೆ ಇಳಿಸಿದರೆ ಮೊಣಕಾಲಿನ ವಿಷಯ ಏನು ತಿಳಿಯುತ್ತದೆ?

ನೋವು ಇಳಿದಿದ್ದು ಸುಳ್ಳಲ್ಲ. ಗಾಯ ಮಾಯ್ದಂತೆ ಅದು ತಾನಾಗಿ ಇಳಿಯುತ್ತದೆ. ಅವ್ವ ವಾಕರ್ ಬಿಟ್ಟಳು, ಮನೆಯೊಳಗೆ ಓಡಾಡಿದಳು. ನಾವು ಖುಷಿಪಟ್ಟೆವು. ಮೋಸ ಹೋದದ್ದು ಅಲ್ಲೇ. ಸಮ ನೆಲದಲ್ಲಿ ನಡೆಯಲು ಮೊಣಕಾಲು ಸುಮಾರು 65–70 ಡಿಗ್ರಿ ಮಡಚಿದರೆ ಸಾಕು. ಮೆಟ್ಟಿಲು ಹತ್ತಲು 90ರ ಹತ್ತಿರ ಬೇಕು, ಕುರ್ಚಿಯಿಂದ ಕೈ ಊರದೆ ಏಳಲು ಅದಕ್ಕಿಂತ ತುಸು ಜಾಸ್ತಿ. ನಮ್ಮದು ಒಂದೇ ಅಂತಸ್ತಿನ ಮನೆ. ಕಾಲು 70ಕ್ಕೆ ನಿಂತುಬಿಟ್ಟಿದೆ ಅಂತ ಯಾರಿಗೂ ಹೊಳೆಯಲಿಲ್ಲ.

ಆರು ವಾರಕ್ಕೆ ತೋರಿಸಲು ಬನ್ನಿ ಅಂತ ಸೊಲ್ಲಾಪುರದವರು ಹೇಳಿದ್ದರು. “ಛಲೋ ಇಂಪ್ರೂವ್ ಆಗ್ಯಾದಲ್ರಿ, ಸುಮ್ನೆ ಯಾಕ ಅಷ್ಟು ದೂರ” ಅಂದರು ಸೆಂಟರಿನವರು. ಅಷ್ಟರಲ್ಲಿ ಎಳ್ಳ ಅಮಾಸಿ ಬಂತು. ಆಳಂದ ತಾಲ್ಲೂಕಿನ ನಮ್ಮೂರಿಗೆ ಹೋಗಿ ಎರಡು ದಿನ ಇದ್ದೆವು. ಚರಗ ಚೆಲ್ಲಿ, ಹೊಲದಲ್ಲಿ ಕೂತು ಭಜ್ಜಿ, ಸಜ್ಜಿ ರೊಟ್ಟಿ ಉಂಡೆವು. ಅವ್ವ ಮಾತ್ರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿಕೊಂಡೇ ಕೂತಿದ್ದಳು. ಆವತ್ತಾದರೂ ನನಗೆ ಅನುಮಾನ ಬರಬೇಕಿತ್ತು.

ಬಂದದ್ದು ಫೆಬ್ರವರಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ. ಶಕ್ತಿ ಯೋಜನೆ ಬಂದ ಮೇಲೆ ಅವ್ವನಿಗೆ ಟಿಕೆಟ್ ಇಲ್ಲ, ಸರಿ. ಆದರೆ ಕೆಕೆಆರ್‌ಟಿಸಿ ಬಸ್ಸಿನ ಮೊದಲ ಮೆಟ್ಟಿಲು ಕೆಳಗೆ ಇಳಿದು ಬರುವುದಿಲ್ಲವಲ್ಲ! ಬಲಗಾಲು ಇಟ್ಟಳು, ಏರಲಿಲ್ಲ. ಎಡಗಾಲು ಇಟ್ಟಳು, ಬಲಗಾಲು ಹಿಂದೆ ಕೋಲಿನ ಹಾಗೆ ನೇತಾಡಿತು. ಕೊನೆಗೆ ಕಂಡಕ್ಟರ್ ಮೇಲಿಂದ ಎಳೆದ, ನಾನು ಹಿಂದಿನಿಂದ ಎತ್ತಿದೆ. ಸೀಟಿಗೆ ಬಂದು ಕೂತ ಅವ್ವ ಅರ್ಧ ದಾರಿ ಮಾತೇ ಆಡಲಿಲ್ಲ.

ಮರುವಾರ ಸೊಲ್ಲಾಪುರಕ್ಕೆ ಹೋದೆವು. ಹದಿನಾಲ್ಕನೇ ವಾರ ನಡೆಯುತ್ತಿತ್ತು. ಡಾಕ್ಟರು ಡ್ರಾಯರಿನಿಂದ ಗೋನಿಯೋಮೀಟರ್ ತೆಗೆದರು. ಶಾಲೆಯ ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ಎರಡು ಉದ್ದ ಪಟ್ಟಿ ಜೋಡಿಸಿದ ಹಾಗಿರುತ್ತದೆ. ಒಂದು ಪಟ್ಟಿ ತೊಡೆಯ ಗುಂಟ, ಒಂದು ಪಾದದ ಗಂಟಿನ ಕಡೆಗೆ, ನಡುವಿನ ತಿರುಗಣೆ ಮೊಣಕಾಲಿನ ಪಕ್ಕ. ಅರ್ಧ ನಿಮಿಷದ ಕೆಲಸ. ಮನೆಗೆ ಕಳಿಸುವಾಗ 80 ಮಡಚುತ್ತಿದ್ದ ಕಾಲು ಈಗ 70. ಪೂರ್ತಿ ನೇರವಾಗಲು ಆಗ 5 ಡಿಗ್ರಿ ಕಮ್ಮಿ ಇತ್ತು, ಈಗ 15. ಕಾರ್ಡಿನ ಮೂಲೆಯ ‘5–80’ ಇದೇ ಆಗಿತ್ತು.

ಕಾಲು ನೇರವಾಗದಿರುವುದಕ್ಕೆ ಆ ದಿಂಬೂ ಒಂದು ಕಾರಣ ಅಂದರು ಡಾಕ್ಟರು. ಮೊಣಕಾಲ ಕೆಳಗೆ ದಿಂಬಿಟ್ಟರೆ ಹಾಯಾಗಿರುತ್ತದೆ, ಆದರೆ ಕಾಲು ಆ ಬಾಗಿಗೇ ಒಗ್ಗಿಹೋಗುತ್ತದೆ. ಇಡುವುದಾದರೆ ಹಿಮ್ಮಡಿ ಕೆಳಗೆ ಇಡಬೇಕು. ನಾವು ಸೆಂಟರ್ ನೋಡಿ ಕಲಿತು ಮನೆಯಲ್ಲೂ ರಾತ್ರಿಯಿಡೀ ಮೊಣಕಾಲ ಕೆಳಗೇ ಇಟ್ಟಿದ್ದೆವು. ಹೊಟ್ಟೆ ಉರಿಯಿತು. ಬೇಗ ಬಂದಿದ್ದರೆ, ಅಂದರೆ ಮೊದಲ ಮೂರು ತಿಂಗಳೊಳಗೆ, ಅರಿವಳಿಕೆ ಕೊಟ್ಟು ಕಾಲು ಮಡಚಿ ಸಡಿಲ ಮಾಡಬಹುದಿತ್ತಂತೆ. ಈಗ ಒಳಗಿನ ಅಂಟು ಗಟ್ಟಿಯಾಗಿದೆ, ಜೋರು ಮಾಡಿದರೆ ಮೂಳೆ ಮುರಿಯುವ ಭಯ. ವ್ಯಾಯಾಮದಿಂದ ಎಷ್ಟು ಬರುತ್ತದೋ ನೋಡೋಣ ಅಂದರು.

ಊರಿಗೆ ಬಂದು ಸೆಂಟರಿನಲ್ಲಿ ಫೈಲು ಕೇಳಿದೆ. ಕೊಡಲು ಮೂರು ದಿನ ಸತಾಯಿಸಿದರು. ಐವತ್ತೆಂಟು ಸಾಲು, ಎಲ್ಲ ಒಂದೇ ವಾಕ್ಯ. ಎಲ್ಲೂ ಒಂದು ಅಂಕಿ ಇಲ್ಲ. ನಾವು ಹೊಲದಲ್ಲಿ ಭಜ್ಜಿ ಉಣ್ಣುತ್ತಿದ್ದ ಅಮಾಸಿ ದಿನವೂ ಅವ್ವನಿಗೆ ‘ನೋವು ಕಡಿಮೆ, ಸುಧಾರಣೆ ಇದೆ’!

ಈಗ ಹೋಗುತ್ತಿರುವ ಕಡೆ ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿ ಓದಿದ ಮೇಡಂ ಒಬ್ಬರು ತಾವೇ ನೋಡುತ್ತಾರೆ. ಮೊದಲ ದಿನ ಕರೆಂಟಿನ ಮಾತೇ ಇಲ್ಲ, ಬರೀ ಅಳತೆ. ಅವ್ವ ತಾನಾಗಿ ಎಷ್ಟು ಮಡಚುತ್ತಾಳೆ, ತಾವು ಒತ್ತಿದರೆ ಎಷ್ಟು, ಎರಡನ್ನೂ ಬೇರೆ ಬೇರೆ ಬರೆದರು. ಆಮೇಲೆ ನೆಲದ ಮೇಲೆ ಕುರ್ಚಿಯಿಂದ 3 ಮೀಟರ್ ದೂರಕ್ಕೆ ಟೇಪ್ ಅಂಟಿಸಿದ್ದನ್ನು ತೋರಿಸಿದರು. ಕುರ್ಚಿಯಿಂದ ಎದ್ದು, ಅಲ್ಲಿಯತನಕ ನಡೆದು, ತಿರುಗಿ ಬಂದು ಕೂರಬೇಕು. 1991ರಿಂದ ಬಳಕೆಯಲ್ಲಿರುವ ಪರೀಕ್ಷೆ ಇದು, ಬೇಕಾದ್ದು ಒಂದು ಕುರ್ಚಿ, ಒಂದು ಗಡಿಯಾರ. ವಯಸ್ಸಾದವರಿಗೆ 12 ಸೆಕೆಂಡು ಅಥವಾ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುತ್ತದೆ. ಅವ್ವನಿಗೆ 27 ಹಿಡಿಯಿತು. ಇನ್ನೊಂದು, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ಅನ್ನುವುದು. “ಕೈ ಎದಿ ಮ್ಯಾಲೆ ಇಟ್ಕೋರಿ ಅವ್ವಾ, ಊರಬ್ಯಾಡ್ರಿ. ಊರಿದ್ರ ಲೆಕ್ಕಕ್ಕಿಲ್ಲ.” 60ರಿಂದ 64 ವಯಸ್ಸಿನ ಹೆಂಗಸರು 12 ಸಲವಾದರೂ ಏಳಬೇಕು, ವಯಸ್ಸು ಏರಿದಂತೆ ಈ ಲೆಕ್ಕ ಇಳಿಯುತ್ತದೆ. ಅವ್ವ ಒಂದು ಸಲವೂ ಏಳಲಿಲ್ಲ. “ಸೊನ್ನಿ ಬಿತ್ತು ನೋಡು, ಸಾಲಿಗಿ ಹೋಗದಿದ್ದೇ ಛಲೋ ಆತು” ಅಂತ ನಕ್ಕಳು. ನನಗೆ ನಗು ಬರಲಿಲ್ಲ.

ಅವರಿಂದ ಕಲಿತದ್ದನ್ನೇ ಹೇಳುತ್ತೇನೆ. ಮೊದಲ ದಿನದ ಅಳತೆ ಇಲ್ಲದೆ ದುಡ್ಡು ಕಟ್ಟಬೇಡಿ. ಅಳತೆ ಬರೆದ ಹಾಳೆಯ ಫೋಟೋ ತೆಗೆದುಕೊಳ್ಳಿ. ಪ್ರತಿ ಸಲ ಅದೇ ವ್ಯಕ್ತಿ, ಅದೇ ಭಂಗಿಯಲ್ಲಿ ಅಳೆದರೆ ಒಳ್ಳೆಯದು. ಐದು ಡಿಗ್ರಿ ಹೆಚ್ಚುಕಮ್ಮಿ ಪಟ್ಟಿ ಇಡುವುದರಲ್ಲೇ ಆಗಿಬಿಡುತ್ತದೆ, ಆದ್ದರಿಂದ 70 ಹೋಗಿ 73 ಆಯಿತು ಅಂದರೆ ಪೇಡೆ ಹಂಚಬೇಡಿ. ಎರಡು ಮೂರು ವಾರವಾದರೂ ಅಂಕಿ ಕದಲದಿದ್ದರೆ ಚಿಕಿತ್ಸೆ ಏನು ಬದಲಾಯಿಸುತ್ತೀರಿ ಅಂತ ಕೇಳಿ, ಆಪರೇಷನ್ ಮಾಡಿದ ಡಾಕ್ಟರಿಗೂ ತೋರಿಸಿ. ಅವರು ಕೊಟ್ಟ ತಾರೀಖು ಮಾತ್ರ ಯಾರ ಮಾತು ಕೇಳಿಯೂ ತಪ್ಪಿಸಬೇಡಿ. ಮನೆಯಲ್ಲಿ ನಾವು ಟೇಲರ್ ಟೇಪ್ ಇಟ್ಟಿದ್ದೇವೆ. ಅವ್ವ ಅಂಗಾತ ಮಲಗಿ ಹಿಮ್ಮಡಿ ಜಾರಿಸಿಕೊಂಡು ಕಾಲು ಮಡಚುತ್ತಾಳೆ. ಹಿಮ್ಮಡಿಗೂ ಕುಂಡಿಗೂ ಎಷ್ಟು ಇಂಚು ಉಳಿಯಿತು ಅಂತ ನನ್ನ ಮಗಳು ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ.

ಈ ಮೇಡಂ ಹತ್ತಿರ ಹೋಗಲು ಶುರುಮಾಡಿ ಮೂರೂವರೆ ತಿಂಗಳಿಗೆ 95 ಡಿಗ್ರಿ ಬಂದಿದೆ. ನಡೆದು ಬರುವುದು 13 ಸೆಕೆಂಡು, ಎದ್ದು ಕೂರುವುದು 9 ಸಲ. ಬಸ್ಸು ಹತ್ತುತ್ತಾಳೆ, ಕಂಬಿ ಹಿಡಿದು. ಇದಕ್ಕಿಂತ ಮುಂದೆ ಹೋಗುವುದು ಕಷ್ಟ ಅಂದಿದ್ದಾರೆ ಮೇಡಂ.

ಎಡಗಾಲಿನ ಆಪರೇಷನ್ ಇನ್ನೂ ಬಾಕಿ. ಅದನ್ನು ಈಗಲೇ ಅಳೆಸಿ ಇಟ್ಟಿದ್ದೇವೆ: 5–115.