ಮನವಿ ಪತ್ರಕ್ಕೆ ಕಥೆ ಬರೆಸುವುದು: ಪತ್ರ ತಗೊಳ್ಳಿ, ವಿಡಿಯೊ ಬಿಡಿ

ಕರಾವಳಿಯಲ್ಲಿ ದೇಣಿಗೆ ಎತ್ತುವುದು ಹೊಸದೇನಲ್ಲ. ದೇವಸ್ಥಾನದ ಬ್ರಹ್ಮಕಲಶ ಅಂದರೆ ಅಕ್ಕಿ-ತೆಂಗಿನಕಾಯಿಯ ಹೊರೆಕಾಣಿಕೆ ಲಾರಿಗಟ್ಟಲೆ ಬರುತ್ತದೆ. ಅದೇ ಊರಿನ ಆರೋಗ್ಯ ಟ್ರಸ್ಟ್‌ನ ಮನವಿ ಪತ್ರ ಮಾತ್ರ ಓದುವ ಮೊದಲೇ ಮಡಚಿಡುವಂತಿರುತ್ತದೆ: ಮೇಲೆ ಗೌರವಾಧ್ಯಕ್ಷರ ಫೋಟೋ, ನಡುವೆ ಸ್ಥಾಪನೆಯ ಇತಿಹಾಸ, ಕೊನೆಗೆ ‘ತನು-ಮನ-ಧನದಿಂದ ಸಹಕರಿಸಬೇಕಾಗಿ ವಿನಂತಿ’. ಇಂಥ ಪತ್ರವನ್ನು ಓದಿಸಿಕೊಳ್ಳುವಂತೆ ಮಾಡಿಕೊಡುವುದು ಮಂಗಳೂರಿನ ಕೊಡಿಯಾಲ್‌ಬೈಲ್ ಕಡೆಯ ಒಂದು ಸಣ್ಣ ತಂಡದ ಕಸುಬು. ಎರಡು ಪುಟದ ಪತ್ರ, ವಾಟ್ಸ್ಆ್ಯಪ್‌ಗೆ ನೂರು ಪದದ ಒಕ್ಕಣೆ, ಎರಡು ನಿಮಿಷದ ವಿಡಿಯೊ ಸೇರಿ 18,000 ರೂಪಾಯಿ. ವಿಡಿಯೊ ಬೇಡವೆಂದರೆ 7,000.

ಪತ್ರದ ಮಟ್ಟಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಇವರು ಆಫೀಸಿನಲ್ಲಿ ಕೂತು ವಾರ್ಷಿಕ ವರದಿ ತಿರುವಿ ಬರೆಯುವವರಲ್ಲ. ಫಲಾನುಭವಿಯ ಮನೆಗೇ ಹೋಗಿ ಖರ್ಚಿನ ಲೆಕ್ಕ ಕೇಳುತ್ತಾರೆ. ಡಯಾಲಿಸಿಸ್ ರೋಗಿಗಳ ಪ್ರಯಾಣಕ್ಕೆ ನೆರವು ಕೋರಿದ ಮಾದರಿ ಪತ್ರ ಬೀಡಿ ಕಟ್ಟುವ ಹೆಂಗಸಿನಿಂದ ಶುರುವಾಗುತ್ತದೆ. ವಾರಕ್ಕೆ ಮೂರು ದಿನ ಆಕೆಯ ಗೆರಸೆ ಮೂಲೆ ಸೇರುತ್ತದೆ. ಗಂಡನನ್ನು ಮೊದಲ ಬಸ್ಸಿಗೆ ಹತ್ತಿಸಿಕೊಂಡು ಹೊರಟರೆ ನಾಲ್ಕು ಗಂಟೆ ಡಯಾಲಿಸಿಸ್, ಮನೆ ಸೇರುವಾಗ ಮಧ್ಯಾಹ್ನ ಕಳೆದಿರುತ್ತದೆ, ಅಂದಿನ ಬೀಡಿ ಕೂಲಿಯೂ ಹೋಯಿತು. ‘ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿಎಲ್‌ನವರಿಗೆ ಉಚಿತವಲ್ಲವಾ?’ ಎಂಬ ಪ್ರಶ್ನೆ ಯಾರಿಗಾದರೂ ಬರುತ್ತದೆ. ಅದಕ್ಕೆ ಪತ್ರ ಅಲ್ಲೇ ಉತ್ತರ ಕೊಡುತ್ತದೆ: ಚಿಕಿತ್ಸೆ ಉಚಿತ, ಬಸ್ಸು-ಆಟೊ ಅಲ್ಲ. ಇಬ್ಬರಿಗೂ ಸೇರಿ ಒಂದು ಸಲಕ್ಕೆ 300 ರೂಪಾಯಿ, ತಿಂಗಳಿಗೆ 13 ಸಲ, ಒಟ್ಟು 3,900. ಓದಿದವರಿಗೆ ಎಷ್ಟು ಕೊಡಬೇಕು, ಅದು ಎಲ್ಲಿಗೆ ಹೋಗುತ್ತದೆ ಎಂಬ ಗೊಂದಲವೇ ಉಳಿಯುವುದಿಲ್ಲ.

ಒಬ್ಬರ ಕಥೆಗೇ ಕಟ್ಟುಬೀಳಬೇಕು ಎಂಬ ಇವರ ಹಟಕ್ಕೆ ಆಧಾರವಿದೆ. ಸ್ಮಾಲ್, ಲೋವೆನ್‌ಸ್ಟೈನ್, ಸ್ಲೋವಿಕ್ ಎಂಬ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೈಯಲ್ಲಿ 5 ಡಾಲರ್ ಇದ್ದವರು ಬರೀ ಅಂಕಿಅಂಶ ಓದಿ ಸರಾಸರಿ 1.14 ಡಾಲರ್ ಕೊಟ್ಟರು. ಒಬ್ಬಳೇ ಹುಡುಗಿಯ ಕಥೆ ಓದಿದವರು ಕೊಟ್ಟದ್ದು 2.38. ಎರಡನ್ನೂ ಒಟ್ಟಿಗೆ ಓದಿದವರದ್ದು 1.43ಕ್ಕೆ ಇಳಿಯಿತು. ಆದರೆ ‘ಇಲ್ಲಿಯವರೆಗೆ ಇಷ್ಟು ಸಾವಿರ ಮಂದಿಗೆ ನೆರವು’ ಅಂತ ಸೇರಿಸಿ ಎಂದು ಟ್ರಸ್ಟ್‌ನ ಕಮಿಟಿಯವರು ಒತ್ತಾಯಿಸಿದರೆ ತಂಡ ಸುಮ್ಮನೆ ಒಪ್ಪಿಬಿಡುತ್ತದೆ. ಆ ಲೆಕ್ಕವನ್ನು ಹಿಂಬದಿಯ ಪುಟಕ್ಕೆ ಹಾಕಿಸಿ; ಕಂಪನಿಗಳ ಸಾಮಾಜಿಕ ಹೊಣೆಯ (ಸಿಎಸ್ಆರ್) ಹಣ ನೋಡಿಕೊಳ್ಳುವವರು ಅಲ್ಲಿ ಹುಡುಕಿಕೊಳ್ಳುತ್ತಾರೆ.

ವಿಡಿಯೊ ಸೋಲುವುದು ಮೊದಲ ಹತ್ತು ಸೆಕೆಂಡಿನಲ್ಲೇ. ಕೊಳಲಿನ ಗೋಳು, ಟ್ರಸ್ಟ್‌ನ ಲೋಗೊ, ಆಮೇಲೆ ವಾರ್ತೆ ಓದುವ ದನಿಯ ಗ್ರಾಂಥಿಕ ಕನ್ನಡ. ಆ ಹೆಂಗಸು ತುಳುವಿನಲ್ಲಿ ಹೇಳಿದ್ದನ್ನು ಹಾಗೇ ಬಿಟ್ಟು ಕೆಳಗೆ ಕನ್ನಡದ ಸಾಲು ಹಾಕಿದ್ದರೆ ಸಾಕಿತ್ತು. ವಿಡಿಯೊ ಬೇಕೇ ಬೇಕೆಂದರೆ ಮೊಬೈಲಿನಲ್ಲಿ 40 ಸೆಕೆಂಡು ನೀವೇ ತೆಗೆಯಿರಿ, ಒಂದು ಕಾಲರ್ ಮೈಕ್ ಇದ್ದರಾಯಿತು.

ಒಪ್ಪಿಗೆಯ ವಿಷಯದಲ್ಲಿ ಇವರದ್ದು ಉಡಾಫೆ ಎಂದೇ ಹೇಳಬೇಕು. ಒಂದು ಇಂಗ್ಲಿಷ್ ಫಾರ್ಮಿಗೆ ಸಹಿ ಹಾಕಿಸಿದರೆ ಮುಗಿಯಿತು. ಬರೆದದ್ದನ್ನು ಆ ಕುಟುಂಬಕ್ಕೆ ಅವರ ಮಾತಿನಲ್ಲೇ ಓದಿ ಹೇಳಬೇಕು, ಬೇಡವೆಂದ ಸಾಲು ತೆಗೆಯಬೇಕು, ಎಷ್ಟು ಕಾಲ ಎಲ್ಲೆಲ್ಲಿ ಬಳಸುತ್ತೀರಿ ಎಂದು ತಿಳಿಸಬೇಕು. ಬಾಲಮಂದಿರದ ಮಕ್ಕಳ ಕಥೆಯಾದರೆ ಇನ್ನೂ ಎಚ್ಚರ: ಬಾಲನ್ಯಾಯ ಕಾಯ್ದೆ 2015ರ 74ನೇ ಸೆಕ್ಷನ್ ಪ್ರಕಾರ ಹೆಸರು, ಶಾಲೆ, ಫೋಟೋ, ಗುರುತು ಹತ್ತುವ ಯಾವುದನ್ನೂ ಪ್ರಕಟಿಸುವಂತಿಲ್ಲ. ಆರು ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಪತ್ರದ ಕೊನೆಯ ಭಾಗ ನೀವೇ ತಿದ್ದಿಕೊಳ್ಳಿ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟವರಿಗೆ ದೇಣಿಗೆಯ ಮೇಲಿನ ಆದಾಯ ತೆರಿಗೆ ವಿನಾಯಿತಿ (80ಜಿ) ಇಲ್ಲ. ಹೊಸ ತೆರಿಗೆ ಪದ್ಧತಿಯವರಿಗೆ ಹೇಗೂ ಇಲ್ಲ. ವಾಟ್ಸ್ಆ್ಯಪ್ ಒಕ್ಕಣೆ ಗಲ್ಫ್‌ನ ಗ್ರೂಪುಗಳಿಗೂ ಹೋಗುತ್ತದಲ್ಲ, ಅಲ್ಲಿ ಕ್ಯೂಆರ್ ಕೋಡ್ ಒಂದನ್ನೇ ಹಾಕಿ ಬಿಟ್ಟಿದ್ದಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಬೇರೆ ದೇಶದ ಪೌರತ್ವ ಪಡೆದವರದ್ದಾದರೆ ಟ್ರಸ್ಟ್‌ಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಬೇಕು, ಹಣ ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಕ್ಯೂಆರ್ ಕೆಳಗೆ ಇದನ್ನು ಒಂದು ಸಾಲಿನಲ್ಲಿ ಬರೆಸಿ, ಪ್ರೂಫ್ ನೋಡಿದ ಮೇಲೆಯೇ ಬಾಕಿ ಹಣ ಕೊಡಿ.