ಲೆವೆಟಿರಾಸೆಟಮ್ ಮಾತ್ರೆ: ಆರು ವರ್ಷದ ಅನುಭವ

ನನಗೆ ಫಿಟ್ಸ್ ಶುರುವಾದಾಗ ಹತ್ತೊಂಬತ್ತು ವರ್ಷ. ನಮ್ಮದು ಮಂಡ್ಯದ ಹತ್ತಿರ, ವಿ.ಸಿ. ನಾಲೆ ಬಯಲಿನ ಹಳ್ಳಿ. ಬಿದ್ದಾಗಲೆಲ್ಲ ಕೈಗೆ ಬೀಗದ ಕೈ ಹಿಡಿಸುತ್ತಿದ್ದರು. ಮೈಸೂರಿನ ನರರೋಗ ತಜ್ಞರ ಹತ್ತಿರ ಹೋದ ಮೇಲೆ ಮೊದಲ ನಾಲ್ಕು ವರ್ಷ ಫೆನಿಟಾಯಿನ್ ತಗೊಂಡೆ. ಈಗ ಆರು ವರ್ಷದಿಂದ ಲೆವೆಟಿರಾಸೆಟಮ್.

ಫೆನಿಟಾಯಿನ್‌ನಿಂದ ಫಿಟ್ಸ್ ನಿಂತಿತ್ತು. ಆದರೆ ಒಸಡು ಊದಿ ಹಲ್ಲಿನ ಮೇಲೆ ಬೆಳೆಯತೊಡಗಿತು. ಉಜ್ಜಿದರೆ ರಕ್ತ. ನಾನು ಪೇಸ್ಟ್ ಬದಲಾಯಿಸುತ್ತಾ ಕೂತಿದ್ದೆ. ಹಲ್ಲಿನ ಡಾಕ್ಟರು "ಯಾವ ಮಾತ್ರೆ ತಗೋತೀಯಮ್ಮ?" ಅಂತ ಕೇಳಿದ ಮೇಲೇ ಕಾರಣ ಗೊತ್ತಾಗಿದ್ದು. ಡೋಸ್ ಚೂರು ಏರಿಸಿದ್ದಕ್ಕೆ ನಡಿಗೆಯೂ ತೂರಾಡಿತು. ಈ ಮಾತ್ರೆಯನ್ನು ಸ್ವಲ್ಪ ಏರಿಸಿದರೂ ರಕ್ತದಲ್ಲಿ ಅದರ ಪ್ರಮಾಣ ಒಮ್ಮೆಲೇ ಹೆಚ್ಚಾಗಬಹುದಂತೆ. ಹಾಗಾಗಿ ಅದನ್ನು ನಿಧಾನವಾಗಿ ಇಳಿಸಿ ಲೆವೆಟಿರಾಸೆಟಮ್ ಕೊಟ್ಟರು. ಬೆಳಿಗ್ಗೆ 500 ಮಿಲಿಗ್ರಾಂ, ರಾತ್ರಿ 500.

ಮೊದಲ ಎರಡು ವಾರ ಬರೀ ನಿದ್ದೆ, ತಲೆ ಸುತ್ತು. ಅದು ತಾನಾಗಿಯೇ ಕಡಿಮೆಯಾಯಿತು. ಡೋಸ್ ಏರಿಸಿ ದಿನಕ್ಕೆ 1500 ಮಾಡಿದ ಮೇಲೆ ಬಂದದ್ದು ಸಿಟ್ಟು. ಸುಮ್ನೆ ಬರುವ ಸಿಟ್ಟಲ್ಲ. ಸಾರಿಗೆ ಉಪ್ಪು ಜಾಸ್ತಿ ಆಯಿತೆಂದು ತಟ್ಟೆ ತಳ್ಳಿದೆ. ಕೆಲಸದ ಜಾಗದಲ್ಲಿ ಹಿರಿಯರೊಬ್ಬರಿಗೆ ಎದುರು ಮಾತಾಡಿ, ಮನೆಗೆ ಬಂದು ಅತ್ತೆ. ಅವ್ವ ಒಂದು ದಿನ ಕೇಳಿದಳು, "ಮುಟ್ಟಿದ್ರೆ ಸಿಡೀತೀಯ ಕಣವ್ವ, ಏನಾಗದೆ ನಿಂಗೆ?" ನನ್ನ ಸ್ವಭಾವವೇ ಕೆಟ್ಟುಹೋಯಿತು ಅಂದುಕೊಂಡಿದ್ದೆ. ಇದು ಮಾತ್ರೆಯ ಅಡ್ಡ ಪರಿಣಾಮ ಅಂತ ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಹೇಳಬೇಕಿತ್ತು.

ಆಗ ದೊಡ್ಡ ತಪ್ಪು ಮಾಡಿದೆ. ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ಮೂರನೇ ದಿನ ಹಿತ್ತಿಲಲ್ಲಿ, ನೀರೊಲೆಯ ಪಕ್ಕದಲ್ಲೇ ಬಿದ್ದೆ. ಒಂದು ಗೇಣು ಆಚೆ ಬಿದ್ದಿದ್ದರೆ ಬೆಂಕಿ. ಥಟ್ಟನೆ ಬಿಟ್ಟರೆ ಫಿಟ್ಸ್ ನಿಲ್ಲದೆ ಒಂದರ ಹಿಂದೆ ಒಂದು ಬರಬಹುದು, ಜೀವಕ್ಕೇ ಅಪಾಯ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ.

ಡಾಕ್ಟರಿಗೆ ಎಲ್ಲ ಹೇಳಿದೆ. ಬದಲಿಗೆ ವಾಲ್ಪ್ರೋಯೇಟ್ ಅನ್ನೋ ಇನ್ನೊಂದು ಫಿಟ್ಸ್ ಮಾತ್ರೆ ಕೊಡಬಹುದಾ ಅಂತಲೂ ಕೇಳಿದೆ. "ನೋಡಮ್ಮ, ಮುಂದೆ ಮದುವೆ, ಮಕ್ಕಳು ಅಂತ ಇದೆ. ಅದು ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಹುದು. ಮೊದಲು ಡೋಸ್ ಇಳಿಸಿ ನೋಡೋಣ" ಅಂದರು. ಮತ್ತೆ ದಿನಕ್ಕೆ 1000ಕ್ಕೆ ಇಳಿಸಿದರು. ಜೊತೆಗೆ ಬಿ6 ವಿಟಮಿನ್ ಕೊಟ್ಟರು. ಅದನ್ನು ನೀವೇ ಅಂಗಡಿಯಿಂದ ತಂದು ಜಾಸ್ತಿ ನುಂಗಬೇಡಿ, ವಿಪರೀತವಾದರೆ ಅದೂ ನರಕ್ಕೆ ಪೆಟ್ಟು. ಒಂದು ತಿಂಗಳಲ್ಲಿ ನಾನು ಮೊದಲಿನ ಹಾಗಾದೆ. ಫಿಟ್ಸೂ ಬರಲಿಲ್ಲ. ನನ್ನದು ಸಿಟ್ಟು, ಕೆಲವರಿಗೆ ಮನಸ್ಸು ಪೂರ್ತಿ ಕುಗ್ಗಿ ಸಾಯುವ ಯೋಚನೆಯೂ ಬರಬಹುದು. ಹಾಗೇನಾದರೂ ಅನ್ನಿಸಿದರೆ ಮುಂದಿನ ಚೆಕಪ್‌ವರೆಗೆ ಕಾಯಬೇಡಿ, ಅವತ್ತೇ ಹೇಳಿ.

ಈ ಮಾತ್ರೆಯ ಒಳ್ಳೆಯ ಗುಣವೂ ಇದೆ. ಬೇರೆ ಔಷಧಿಗಳ ಜೊತೆ ತಕರಾರು ಕಡಿಮೆ. ಬಹುಪಾಲು ಮೂತ್ರದಲ್ಲೇ ಹೋಗುವುದರಿಂದ ಕಿಡ್ನಿ ತೊಂದರೆ ಇದ್ದವರು ಮಾತ್ರ ಮೊದಲೇ ಡಾಕ್ಟರಿಗೆ ತಿಳಿಸಬೇಕು. ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಕೊಳ್ಳುವಾಗ ಸ್ಟ್ರಿಪ್ ಓದಿ. ಒಮ್ಮೆ ಒಂದು ಮೆಡಿಕಲ್ ಸ್ಟೋರ್‌ನಲ್ಲಿ 500ರ ಬದಲು 250 ಕೊಟ್ಟಿದ್ದರು. 'ಇಆರ್' ಅಂತ ಇದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ, ಪುಡಿ ಮಾಡಿ ನುಂಗಬಾರದು.

ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಮಾತ್ರೆ ತಗೊಂಡ ಕೂಡಲೇ ಗೀಟು ಹಾಕುತ್ತೇನೆ. ನಿದ್ದೆ ಕೆಟ್ಟರೆ ಅದನ್ನೂ, ಸಿಟ್ಟು ಬಂದರೆ ಅದನ್ನೂ. ಡಾಕ್ಟರ ಹತ್ತಿರ ಹೋಗುವಾಗ ಆ ಹಾಳೆಯನ್ನೇ ಹರಿದು ಒಯ್ಯುವುದು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಮಾತ್ರೆ ಇದ್ದರೂ ನಿದ್ದೆಗೆಟ್ಟರೆ ನನಗೆ ಕಷ್ಟ. ಈ ಸಲ ಊರ ಹಬ್ಬದಲ್ಲಿ ಕೊಂಡ ನೋಡಲು ಎಲ್ಲರೂ ಎದ್ದಿದ್ದರು. ನಾನು ಹತ್ತಕ್ಕೆ ಮಾತ್ರೆ ನುಂಗಿ, ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದೆ. ಕೊಂಡ ಹಾಯುವ ಹೊತ್ತಿಗೆ ಸರಿಯಾಗಿ ಅವ್ವ ಬಂದು ಎಬ್ಬಿಸಿದಳು.